ಉತ್ತರದ ಚಿಟ್ಟಿ

ಮಂಜೇಶ್ವರ ಬಂದರಿನ ಐಸ್ ಪ್ಲಾಂಟಿನಲ್ಲಿ
ಇಪ್ಪತ್ತಾರು ವರ್ಷ ಲೆಕ್ಕ ಬರೆದವಳು ನಾನು.
ಬ್ಲಾಕಿಗೆ ಇಷ್ಟು, ಪುಡಿ ಮಾಡಿಸಿದರೆ ಇಷ್ಟು,
ಬಂಗುಡೆ ಬಿದ್ದ ದಿನ ಸಾಲ, ಬೀಳದ ದಿನವೂ ಸಾಲ.
ನಾನು ಕಂಡ ಐಸಿಗೆಲ್ಲ ಒಬ್ಬ ಗಿರಾಕಿ ಇದ್ದ.
ಯಾರೂ ಹೇಳಿಕಳಿಸದ ಐಸು,
ಬಿಲ್ಲಿಲ್ಲದೆ ತನ್ನ ಪಾಡಿಗೆ ಬೆಟ್ಟದ ಮೇಲೆ ಕೂತ ಐಸು
ಒಮ್ಮೆ ನೋಡಬೇಕು ಅಂತ ಆಸೆ.
ಇದನ್ನು ಜುಬೈದಾಳ ಹತ್ತಿರ ಹೇಳಿದ್ದೇ ತಪ್ಪಾಯಿತು.

ಅವಳು ಮಂಗಲ್ಪಾಡಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು;
ಬೇನೆ ಎಂದರೆ ಮಾತ್ರೆ ಕೊಟ್ಟು, ಆಸೆ ಎಂದರೆ ತಾರೀಕು ಕೇಳುವವಳು.
ಮರುದಿನವೇ ಬಂದಳು, ಮೊಮ್ಮಗಳ ಕಾಪಿ ಪುಸ್ತಕದಲ್ಲಿ
ನಾರ್ವೆಯ ಕರಾವಳಿ ಬರೆದುಕೊಂಡು.
ಇಲಿ ಕಡಿದ ಸೀರೆಯಂಚಿನ ಹಾಗೆ,
ಎಲ್ಲಿ ನೋಡಿದರೂ ಕಡಲು ಒಳಗೆ ನುಗ್ಗಿದೆ.

"ದೊಡ್ಡ ಹಡಗು ಬೇಡ. ಅದರಲ್ಲಿ ಈಜುಕೊಳವಂತೆ;
ಕಡಲಿನ ಮೇಲೆ ಇನ್ನೊಂದು ಕೆರೆ ನಮಗ್ಯಾಕೆ?
ಅಂಚೆ, ಮೀನು, ಹಾಲಿನ ಡಬ್ಬ ಹೊತ್ತು
ಊರೂರಿಗೂ ನಿಲ್ಲುವ ಹಡಗೊಂದಿದೆ,
ನಮ್ಮ ತಲಪಾಡಿ ಬಸ್ಸಿನ ಹಾಗೆ."

ಜೂನಿನಲ್ಲಿ ಅಲ್ಲಿ ಸೂರ್ಯ ಇಳಿಯುವುದಿಲ್ಲ, ದರವೂ ಇಳಿಯುವುದಿಲ್ಲ.
ಅಕ್ಟೋಬರಿನಲ್ಲಿ ಎರಡೂ ಬೇಗ ಇಳಿಯುತ್ತವೆ.
ಹಾಗಾದರೆ ಅಕ್ಟೋಬರು.
ಕಿಟಕಿ ಇರುವ ಕೋಣೆಗೆ ಒಂದು ದರ,
ಕಿಟಕಿ ಇದ್ದೂ ಎದುರಿಗೆ ರಕ್ಷಣೆಯ ದೋಣಿ ಅಡ್ಡ ತೂಗುವುದಕ್ಕೆ ಒಂದು,
ಕಿಟಕಿಯೇ ಇಲ್ಲದ ಒಳಕೋಣೆಗೆ ಇನ್ನೊಂದು.
ಅದೂ ನಮ್ಮಿಂದ ಮೂರು ಚಿಟ್ಟಿ ದೂರ.
ಊಟದ ಬೆಲೆ ಕೇಳಿದರೇ ಹೊಟ್ಟೆ ತುಂಬುತ್ತದೆ.
ಅವಲಕ್ಕಿ ಒಯ್ಯುವುದು, ಒಣಸಿಗಡಿ ಚಟ್ನಿ ಒಯ್ಯುವುದು.
"ವಾಸನೆಗೆ ಇಳಿಸಿಬಿಟ್ಟಾರು" ಎಂದೆ.
"ಮೀನಿನ ಹಡಗಲ್ವಾ, ಯಾರ ವಾಸನೆ ಯಾರಿಗೆ ಗೊತ್ತಾಗ್ತದೆ."

ತಿರುವನಂತಪುರದವರು ಗೋಡೆಯ ನಕ್ಷೆ ತೋರಿಸಿ
ವಡಕ್ಕ್ ಎನ್ನುವುದು ನಮ್ಮನ್ನೇ.
ಹಿಂದಿನ ಗುಡ್ಡ ಹತ್ತಿ ಇಳಿದರೆ ಅವರ ಉತ್ತರ ಮುಗಿಯಿತು,
ಆಚೆಯವರಿಗೆ ನಾವು ತೆಂಕಲಿನವರು.
ಕನ್ನಡದಲ್ಲಿ ಅರ್ಜಿ ಬರೆದು ಎಷ್ಟು ಮಳೆಗಾಲ ಕಾದದ್ದು,
ಉತ್ತರ ಬರಲಿಲ್ಲ.
"ಬಾರದಿದ್ದರೆ ಬಿಡು" ಎಂದಳು ಜುಬೈದಾ,
"ಉತ್ತರಕ್ಕೆ ನಾವೇ ಹೋಗುವ."

ಇನ್ನು ಚಳಿ. ನಾವು ಕಂಡ ಚಳಿ ಎಂದರೆ
ಧನು ತಿಂಗಳಲ್ಲಿ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾಗುವಷ್ಟು.
ಅದಕ್ಕೇ ಕಳೆದ ಶುಕ್ರವಾರ, ದೋಣಿಗಳು ಇಳಿಯದ ಹೊತ್ತು,
ಭಾವ ಕುವೈತಿನಿಂದ ತಂದ ಜಾಕೀಟು ಅವಳು,
ಎರಡು ರವಿಕೆ, ಗಂಡನ ಅಂಗಿ, ಮೇಲೊಂದು ಕಂಬಳಿ ನಾನು,
ಐಸಿನ ಉಗ್ರಾಣ ಹೊಕ್ಕೆವು.
ಬಾಗಿಲು ಹಾಕು ಎಂದು ಐತಪ್ಪನಿಗೆ ಹೇಳಿದೆವು,
ಹತ್ತು ನಿಮಿಷ, ಕೂಗಿದರೂ ತೆಗೆಯಬೇಡ.
ಮೂರನೇ ನಿಮಿಷಕ್ಕೆ ಅವಳ ಹಲ್ಲು ಕಟಕಟ.
ಐದಕ್ಕೆ ನನ್ನ ಕಿವಿ ಯಾರದೋ ಕಿವಿ.
ಏಳಕ್ಕೆ ಕರೆಂಟು ಹೋಯಿತು.

ಕತ್ತಲು. ಬ್ಲಾಕಿನೊಳಗೆ ಎಲ್ಲೋ ಟಿಕ್ ಎಂದು ಬಿರಿಯುವ ಸದ್ದು,
ಇಷ್ಟು ವರ್ಷ ಮೋಟಾರಿನ ಗದ್ದಲದಲ್ಲಿ
ನನ್ನ ಕಿವಿಗೆ ಬೀಳದೆ ಉಳಿದದ್ದು.
"ಒಳಕೋಣೆ ಹೀಗೇ ಇರ್ತದೆ" ಜುಬೈದಾಳ ಸ್ವರ,
"ಹೊರಗೆ ಬೆಟ್ಟಗಳು ದಾಟ್ತಾ ಇರ್ತವೆ. ನಾವು ಮಲಗಿರುವುದು."
"ಇವೆ ಅಂತ ಗೊತ್ತಿದ್ದರೆ ಸಾಕಾ?"
"ಸಾಲದಿದ್ದರೆ ಮೇಲೆ ಹತ್ತುವುದು. ಮೆಟ್ಟಿಲಿಗೆ ದರ ಇಲ್ಲ."

ಐತಪ್ಪ ಬಾಗಿಲು ತೆಗೆದಾಗ
ಮಾರ್ಚಿನ ಬಿಸಿಲು ಮುಖಕ್ಕೆ ರಾಚಿ
ಕನ್ನಡಕದ ತುಂಬ ಮಂಜು.
ಬಂದರು ಇಲ್ಲ, ಬಲೆ ಇಲ್ಲ, ಬರೀ ಬಿಳಿ.
ಒರೆಸದೆ ಸ್ವಲ್ಪ ಹೊತ್ತು ನಿಂತೆ.

ಸಂಜೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ, ಪೆನ್ಸಿಲಿನಲ್ಲಿ:
ಕಂಬಳಿ ಸಾಲದು. ಕಾಲಿಗೆ ಉಣ್ಣೆ, ಇಬ್ಬರಿಗೂ, ಎರಡೆರಡು ಜೊತೆ.
ಎರಡನೇ ಚಿಟ್ಟಿ ಏಪ್ರಿಲಿಗೆ.
ಜುಬೈದಾಳಿಗೆ ಕೆಮ್ಮು. ಅದೂ ಖರ್ಚಿಗೆ.